ಕಿಲ್ಪೆಕ್‌ನ ಹಳ್ಳಿ ಚರ್ಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಹೆರೆಫರ್ಡ್ ಕಡೆ ಬಂದು ನೆಲೆಸಿದ ಮೇಲೆ, ಊರಿನಿಂದ ಯಾರೇ ಬಂದರೂ ನಾನು ಮೊದಲು ಕರೆದುಕೊಂಡು ಹೋಗುವುದು ಕಿಲ್ಪೆಕ್ ಹಳ್ಳಿಗೆ. ಅಲ್ಲಿನ ಸೇಂಟ್ ಮೇರಿ ಮತ್ತು ಸೇಂಟ್ ಡೇವಿಡ್ ಚರ್ಚಿನ ಮುಂದೆ ನಿಂತ ಎಲ್ಲರೂ ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಫೋಟೋ ನೋಡಿದವರು ಫೋನಿನಲ್ಲೂ ಪತ್ರದಲ್ಲೂ ಇವನ್ನೇ ಕೇಳುತ್ತಾರೆ. ಅದಕ್ಕೇ ಉತ್ತರಗಳನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ಆಗಲೇ ನೋಡಿ ಬಂದವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಈ ಚರ್ಚ್ ಎಲ್ಲಿದೆ? ಹೋಗೋದು ಹೇಗೆ?

ಇಂಗ್ಲೆಂಡಿನ ಪಶ್ಚಿಮ ಅಂಚಿನಲ್ಲಿ, ವೇಲ್ಸ್ ಗಡಿಗೆ ಹತ್ತಿರ. ಹೆರೆಫರ್ಡ್ ಪಟ್ಟಣದಿಂದ ನೈಋತ್ಯಕ್ಕೆ ಸುಮಾರು 14 ಕಿಲೋಮೀಟರ್. ಹೆರೆಫರ್ಡ್‌ವರೆಗೆ ರೈಲಿದೆ. ಅಲ್ಲಿಂದ ಮುಂದೆ ಕಾರಿದ್ದರೆ ಸುಲಭ. ವೇಲ್ಸ್‌ನ ಆಬರ್‌ಗವೆನಿ ಪಟ್ಟಣದ ಕಡೆ ಹೋಗುವ ದೊಡ್ಡ ರಸ್ತೆಯಿಂದ ಒಳಕ್ಕೆ ತಿರುಗಿದರೆ, ಎರಡೂ ಕಡೆ ಬೇಲಿ ಬೆಳೆದ ಕಿರುದಾರಿ ಹಳ್ಳಿಗೆ ಕರೆದೊಯ್ಯುತ್ತದೆ.

ಒಂದು ಸಣ್ಣ ಹಳ್ಳಿ ಚರ್ಚ್ ನೋಡೋಕೆ ಅಷ್ಟು ದೂರ ಯಾಕೆ ಹೋಗಬೇಕು?

ಸುಮಾರು 1140ರಲ್ಲಿ ಕೆತ್ತಿದ ಶಿಲ್ಪಗಳು ಇಲ್ಲಿ ಇಟ್ಟ ಜಾಗದಲ್ಲೇ ಇವೆ. ಅದೇ ಕಾರಣ. ಆ ಕಾಲದ ಇಂಗ್ಲಿಷ್ ಶಿಲ್ಪ ಜಾಸ್ತಿ ಉಳಿದಿಲ್ಲ. ಉಳಿದದ್ದರಲ್ಲೂ ಎಷ್ಟೋ ತುಂಡುಗಳು ಮ್ಯೂಸಿಯಂ ಸೇರಿವೆ, ಎಷ್ಟೋ ಮಳೆಗೆ ಕರಗಿವೆ. ಕಿಲ್ಪೆಕ್‌ನಲ್ಲಿ ಬಾಗಿಲು, ಪಶ್ಚಿಮದ ಕಿಟಕಿ, ಸೂರಿನ ಸಾಲು ಎಲ್ಲವೂ ಒಂದೇ ಕಟ್ಟಡದ ಮೈಮೇಲೆ ಉಳಿದಿವೆ. ಊರಿನ ಜನ 9 ಶತಮಾನದಿಂದ ಅದೇ ಬಾಗಿಲಲ್ಲಿ ಓಡಾಡುತ್ತಿದ್ದಾರೆ. ದೊಡ್ಡ ಕೆಥೆಡ್ರಲ್‌ಗಳಲ್ಲಿ ಕತ್ತೆತ್ತಿ ನೋಡಿ ನೋಡಿ ದಣಿದವರಿಗೆ ಇಲ್ಲಿ ಇನ್ನೊಂದು ಸುಖವಿದೆ. ಇಲ್ಲಿ ಶಿಲ್ಪ ಕಣ್ಣಿಗೆ ಹತ್ತಿರ.

ಯಾರು ಕಟ್ಟಿಸಿದ್ದು?

ಕಿಲ್ಪೆಕ್‌ನ ಒಡೆಯ ಹ್ಯೂ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ನೆಲವನ್ನೆಲ್ಲ ತಮ್ಮವರಿಗೆ ಹಂಚಿದರು. 1086ರ ಜಮೀನು ದಾಖಲೆಯಲ್ಲಿ ಈ ಊರಿನ ಹೆಸರಿದೆ. ಆಗ ಇದು ವಿಲಿಯಂ ಫಿಟ್ಸ್‌ನಾರ್ಮನ್ ಎಂಬುವನ ಕೈಯಲ್ಲಿತ್ತು. ಹ್ಯೂ ಅದೇ ವಂಶದವನು. ಚರ್ಚಿನ ಪಶ್ಚಿಮಕ್ಕೆ ಒಂದು ಮಣ್ಣಿನ ದಿಬ್ಬ ಕಾಣುತ್ತದಲ್ಲ, ಅದೇ ಅವರ ಕೋಟೆ. ಮೇಲೆ ಹತ್ತಿದರೆ ಕಲ್ಲಿನ ಗೋಡೆಯ ಒಂದೆರಡು ಚೂರು ಈಗಲೂ ನಿಂತಿವೆ.

ಅದಕ್ಕೂ ಮೊದಲು ಅಲ್ಲಿ ಏನಿತ್ತು?

ಇನ್ನೊಂದು ಚರ್ಚ್ ಇತ್ತು ಅಂತ ನಂಬಲು ಒಳ್ಳೆಯ ಕಾರಣಗಳಿವೆ. ಈ ಸೀಮೆಗೆ ಆರ್ಚೆನ್‌ಫೀಲ್ಡ್ ಅಂತ ಹೆಸರು. ನಾರ್ಮನ್ನರು ಬಂದ ಮೇಲೂ ಇಲ್ಲಿನ ಜನ ಬಹಳ ಕಾಲ ವೇಲ್ಸ್‌ನ ಕಟ್ಟುಕಟ್ಟಳೆಗಳನ್ನೇ ಇಟ್ಟುಕೊಂಡಿದ್ದರು. ಚರ್ಚಿನ ಸುತ್ತಲಿನ ಸಮಾಧಿಗಳ ಅಂಗಳ ನೋಡಿ. ಚೌಕವಾಗಿಲ್ಲ, ಮೊಟ್ಟೆಯ ಆಕಾರದಲ್ಲಿ ಸ್ವಲ್ಪ ಎತ್ತರಕ್ಕಿದೆ. ವೇಲ್ಸ್ ಕಡೆಯ ತುಂಬ ಹಳೆಯ ಕ್ರೈಸ್ತ ನೆಲೆಗಳಿಗೆ ಹೀಗಿರುವುದು ವಾಡಿಕೆ. ಸೇಂಟ್ ಡೇವಿಡ್ ಅನ್ನುವ ಹೆಸರೂ ಅದೇ ಕಡೆಯದು. ಮೇರಿಯ ಹೆಸರು ಸೇರಿದ್ದು ಆಮೇಲೆ. ಕೋಟೆಯೊಳಗೆ ಅವಳ ಹೆಸರಿನ ಪ್ರಾರ್ಥನಾ ಮಂದಿರ ಇತ್ತು. ಅದು ಪಾಳು ಬಿದ್ದ ಮೇಲೆ ಹೆಸರು ಇಲ್ಲಿಗೆ ಬಂತು.

ಈಗಲೂ ಪೂಜೆ ನಡೆಯುತ್ತಾ? ನಮ್ಮಂಥವರನ್ನು ಒಳಗೆ ಬಿಡ್ತಾರಾ?

ಖಂಡಿತ ಬಿಡುತ್ತಾರೆ. ಇದು ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದ, ಪ್ರಾರ್ಥನೆ ನಡೆಯುವ ಜೀವಂತ ಚರ್ಚ್. ಪ್ರಾರ್ಥನೆಯ ಹೊತ್ತು ಬಿಟ್ಟು ಹಗಲಲ್ಲಿ ಹೋದರೆ ಸುಮ್ನೆ ಬಾಗಿಲು ತಳ್ಳಿ ಒಳಗೆ ಹೋಗಬಹುದು. ಟಿಕೆಟ್ ಇಲ್ಲ. ಕಾಣಿಕೆ ಹಾಕಿ ಬನ್ನಿ. ಇಂಥ ಚರ್ಚುಗಳ ಚಾವಣಿ, ಚರಂಡಿ ರಿಪೇರಿ ಹೆಚ್ಚಾಗಿ ನಡೆಯುವುದು ಇಂಥ ಹಣದಿಂದಲೇ. ಹೊರಗೆ ಸಮಾಧಿಗಳ ಮೇಲೆ ಕಾಲಿಡದೆ ನಡೆಯಿರಿ. ಬಾಗಿಲ ಕೆತ್ತನೆಯನ್ನು ಮುಟ್ಟಲೇಬೇಡಿ.

## ಕಟ್ಟಡದ ಬಗ್ಗೆ

ಒಳಗೆ ಯಾವ ಭಾಗಕ್ಕೆ ಏನಂತಾರೆ? ನಮ್ಮ ಗುಡಿ ತರಹವೇ ಇದೆಯಲ್ಲ?

ಈ ಪ್ರಶ್ನೆ ಕೇಳಿದ್ದು ನನ್ನ ಅಮ್ಮ. ಒಳಗೆ ಕಾಲಿಟ್ಟ ಕೂಡಲೇ "ನವರಂಗ, ಸುಕನಾಸಿ, ಗರ್ಭಗುಡಿ" ಅಂತ ಬೆರಳು ಮಾಡಿ ಎಣಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಒಂದರ ಹಿಂದೆ ಒಂದರಂತೆ ಮೂರು ಕೋಣೆ. ಮೊದಲನೆಯದು ನೇವ್, ಊರವರು ಸೇರುವ ಹಜಾರ. ಎರಡನೆಯದು ಚಾನ್ಸೆಲ್, ಪಾದ್ರಿಗಳ ಜಾಗ. ಮೂರನೆಯದು ಏಪ್ಸ್, ಅರ್ಧ ಬಳೆಯಂತೆ ಗುಂಡಗಿರುವ ಕೊನೆಯ ಕೋಣೆ. ಮುಂದೆ ಹೋದಂತೆ ಕೋಣೆಗಳು ಕಿರಿದಾಗುತ್ತವೆ. ಕಣ್ಣು ತಾನಾಗಿಯೇ ಬಲಿಪೀಠದ ಕಡೆ ಹೋಗುತ್ತದೆ.

ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ಕಡೆ ಸಾಮಾನ್ಯವಾಗಿ ದೇವರು ಪೂರ್ವಕ್ಕೆ ಮುಖ ಮಾಡಿ ನಿಂತಿರುತ್ತಾನೆ, ನಾವು ಪಶ್ಚಿಮಕ್ಕೆ ತಿರುಗಿ ಕೈ ಮುಗಿಯುತ್ತೇವೆ. ಇಲ್ಲಿ ಬಲಿಪೀಠವೇ ಪೂರ್ವದಲ್ಲಿದೆ, ಜನ ಪೂರ್ವಕ್ಕೆ ತಿರುಗುತ್ತಾರೆ. ಹೋಲಿಕೆ ಇದೆ ಅಂತ ಒಂದರಿಂದ ಇನ್ನೊಂದು ಬಂತು ಅಂತಲ್ಲ. ಜನ ಸೇರುವ ಜಾಗವನ್ನೂ ಪವಿತ್ರ ಜಾಗವನ್ನೂ ಬೇರೆ ಮಾಡಬೇಕು ಅನ್ನಿಸಿದಾಗ ಇಬ್ಬರಿಗೂ ಒಂದೇ ತರಹದ ದಾರಿ ಹೊಳೆದಿದೆ, ಅಷ್ಟೇ.

ಏಪ್ಸ್ ಒಳಗೆ ನಿಂತು ಮೇಲೆ ನೋಡುವುದನ್ನು ಮರೆಯಬೇಡಿ. ನೇವ್‌ಗೆ ಮರದ ಚಾವಣಿ. ಇಲ್ಲಿ ಮಾತ್ರ ಕಲ್ಲಿನದು. ಪಕ್ಕೆಲುಬಿನಂಥ ಕಲ್ಲಿನ ಏಣುಗಳು ಗೋಡೆಯಿಂದ ಎದ್ದು ನೆತ್ತಿಯಲ್ಲಿ ಕೂಡುತ್ತವೆ. ಕೂಡುವ ಜಾಗದಲ್ಲಿ ಪುಟ್ಟ ತಲೆಗಳನ್ನು ಕೆತ್ತಿದ್ದಾರೆ.

ಕಿಟಕಿಗಳು ಇಷ್ಟು ಸಣ್ಣ ಯಾಕೆ? ಕಮಾನು ಯಾಕೆ ಗುಂಡಗಿದೆ, ಮೊನಚಾಗಿಲ್ಲ?

ಆಗಿನ ಕಟ್ಟಡದಲ್ಲಿ ಭಾರವನ್ನೆಲ್ಲ ಹೊರುತ್ತಿದ್ದದ್ದು ಗೋಡೆ. ದೊಡ್ಡ ತೂತು ಮಾಡಿದರೆ ಗೋಡೆ ದುರ್ಬಲವಾಗುತ್ತದೆ. ಅದಕ್ಕೇ ಗೋಡೆ ದಪ್ಪ, ಕಿಟಕಿ ಚಿಕ್ಕದು. ಆದರೆ ಕಿಟಕಿಯ ಪಕ್ಕಗಳನ್ನು ಒಳಕ್ಕೆ ಬಂದಂತೆ ಅಗಲ ಮಾಡಿದ್ದಾರೆ. ಹೊರಗಿನಿಂದ ಸೀಳಿನಂತೆ ಕಾಣುವ ಕಿಟಕಿ ಒಳಗಿನಿಂದ ಹರವಾಗಿ ಕಾಣುತ್ತದೆ. ಬಂದಷ್ಟೇ ಬೆಳಕು ಇಳಿಜಾರಿನ ಮೇಲೆ ಬಿದ್ದು ಹರಡುತ್ತದೆ.

ಗುಂಡು ಕಮಾನು ರೋಮನ್ನರ ಕಾಲದಿಂದ ಬಂದ ಪದ್ಧತಿ. ಅದಕ್ಕೇ ಈ ಶೈಲಿಗೆ ರೋಮನೆಸ್ಕ್ ಅಂತ ಹೆಸರು. ಇಂಗ್ಲೆಂಡಿನಲ್ಲಿ ನಾರ್ಮನ್ ಶೈಲಿ ಅಂತಲೂ ಕರೆಯುತ್ತಾರೆ. ಕೆಳಗೆ ಮರದ ಚೌಕಟ್ಟು ಕಟ್ಟಿ, ಬೆಣೆಯಂತೆ ಕಡಿದ ಕಲ್ಲುಗಳನ್ನು ಎರಡೂ ಕಡೆಯಿಂದ ಜೋಡಿಸಿ, ನೆತ್ತಿಯ ಕಲ್ಲು ಕೂರಿಸಿ, ಆಮೇಲೆ ಚೌಕಟ್ಟು ತೆಗೆಯುತ್ತಿದ್ದರು. ಮೊನಚು ಕಮಾನಿನ ಗಾಥಿಕ್ ಶೈಲಿ ಇಂಗ್ಲೆಂಡಿನಲ್ಲಿ ಬೇರು ಬಿಟ್ಟಿದ್ದು ಇದಾದ ಮೇಲೆ.

ಇದು ಯಾವ ಕಲ್ಲು? ಇಷ್ಟು ವರ್ಷವಾದರೂ ಯಾಕೆ ಸವೆದಿಲ್ಲ?

ಅಲ್ಲೇ ಸಿಗುವ ಕೆಂಪು ಮರಳುಗಲ್ಲು. ಬಾದಾಮಿ ನೋಡಿದವರಿಗೆ ಈ ಬಣ್ಣ ಹೊಸದಲ್ಲ, ಆದರೂ ಇಲ್ಲಿನದು ಸ್ವಲ್ಪ ಗುಲಾಬಿ ಕಡೆಗಿದೆ. ಮಳೆ ಬಂದು ನಿಂತ ಮೇಲೆ ಗಾಢವಾಗುತ್ತದೆ. ಮರಳುಗಲ್ಲು ಅಂದರೆ ಬೇಗ ಉದುರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಎಷ್ಟೋ ಕಡೆ ಅದು ನಿಜ ಕೂಡ. ಕಿಲ್ಪೆಕ್‌ನ ಕಲ್ಲು ಮಾತ್ರ ಗಟ್ಟಿ. ಜೊತೆಗೆ ದಕ್ಷಿಣ ಬಾಗಿಲಿಗೆ ಬಹಳ ಕಾಲ ಮರದ ಮುಖಮಂಟಪದ ನೆರಳಿತ್ತು. ಕೆತ್ತನೆ ಎಲ್ಲರಿಗೂ ಕಾಣಲಿ ಅಂತ 1868ರಲ್ಲಿ ಅದನ್ನು ತೆಗೆದರು. ಅಂದಿನಿಂದ ಬಾಗಿಲು ಗಾಳಿಮಳೆಗೆ ಒಡ್ಡಿಕೊಂಡಿದೆ. ಹಾಳಾಗುತ್ತದೇನೋ ಅನ್ನುವ ಚಿಂತೆ ಆಗಾಗ ಎದ್ದಿದೆ. ಪರಿಣತರ ಪ್ರಕಾರ ಸದ್ಯಕ್ಕೆ ಮತ್ತೆ ಮುಚ್ಚುವ ಅಗತ್ಯ ಇಲ್ಲ. ನನಗಂತೂ ಜೋರು ಮಳೆಯ ರಾತ್ರಿಗಳಲ್ಲಿ ಆ ಬಾಗಿಲಿನ ನೆನಪಾಗುತ್ತದೆ.

## ಕೆತ್ತನೆಗಳ ಬಗ್ಗೆ

ದಕ್ಷಿಣ ಬಾಗಿಲ ಮುಂದೆ ನಿಂತರೆ ತಲೆ ತಿರುಗುತ್ತೆ. ಎಲ್ಲಿಂದ ನೋಡೋಕೆ ಶುರು ಮಾಡಲಿ?

ನಡುವಿನಿಂದ. ಬಾಗಿಲ ತಲೆಯ ಮೇಲೆ ಅರ್ಧಚಂದ್ರದಂಥ ಕಲ್ಲಿದೆ, ಅದಕ್ಕೆ ಟಿಂಪನಮ್ ಅನ್ನುತ್ತಾರೆ. ಅದರಲ್ಲಿ ಇರುವುದು ಒಂದೇ ಬಳ್ಳಿ. ಕಾಂಡ ಎದ್ದು ಎರಡೂ ಕಡೆ ಸುರುಳಿ ಬಿಚ್ಚುತ್ತದೆ. ಇದು ಜೀವವೃಕ್ಷ. ಬೇರೆ ಎಷ್ಟೋ ಚರ್ಚುಗಳಲ್ಲಿ ಈ ಜಾಗದಲ್ಲಿ ಸಿಂಹಾಸನದ ಮೇಲೆ ಕೂತ ಕ್ರಿಸ್ತನಿರುತ್ತಾನೆ. ಇಲ್ಲಿ ಬರೀ ಮರ. ಮೊದಲು ಅದರ ಮುಂದೆ ಎರಡು ನಿಮಿಷ ನಿಲ್ಲಿ.

ಆಮೇಲೆ ಸುತ್ತಲಿನ ಕಮಾನಿಗೆ ಬನ್ನಿ. ಹೊರಗಿನ ಪಟ್ಟಿಯಲ್ಲಿ ಸರಪಳಿಯಂತೆ ಒಂದಕ್ಕೊಂದು ಕೊಂಡಿ ಹಾಕಿದ ಬಳೆಗಳು, ಬಳೆಗಳೊಳಗೆ ಹಕ್ಕಿ, ಮೃಗ, ರೆಕ್ಕೆಯ ಪ್ರಾಣಿ.

ಕೊನೆಗೆ ಕಂಬಗಳು. ಪ್ರತಿ ಕಡೆ ಎರಡೆರಡು. ಹೊರಗಿನ ಕಂಬಗಳಲ್ಲಿ ಹಾವುಗಳು ಒಂದರ ಬಾಲ ಒಂದರ ಬಾಯಲ್ಲಿ ಅನ್ನುವಂತೆ ಇಳಿದಿವೆ. ಬಲಗಡೆಯ ಒಳಗಂಬದಲ್ಲಿ ಎಲೆಗಳ ನಡುವೆ ಹಕ್ಕಿಗಳು. ಬಲಗಡೆ ಕಂಬದ ತಲೆಯಲ್ಲಿ ಒಂದು ಮುಖ, ಅದರ ಬಾಯಿಂದಲೇ ಬಳ್ಳಿ ಹೊರಟಿದೆ. ಇಂಥ ಮುಖಕ್ಕೆ ಇಂಗ್ಲೆಂಡಿನಲ್ಲಿ ಗ್ರೀನ್ ಮ್ಯಾನ್ ಅನ್ನುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎಡಗಡೆಯ ಒಳಗಂಬ. ಅದರಲ್ಲಿ ಇಬ್ಬರು ಯೋಧರಿದ್ದಾರೆ, ಒಬ್ಬನ ಮೇಲೊಬ್ಬ. ಮೈಗೆ ಬಳ್ಳಿ ಸುತ್ತಿಕೊಂಡಿದೆ. ಹತ್ತಿರ ಹೋಗಿ ಅವರ ಕಾಲು ನೋಡಿ. ದೊಗಲೆ ಪಾಯಿಜಾಮ ಹಾಕಿದ್ದಾರೆ. ಬಟ್ಟೆಯ ನೆರಿಗೆಗಳನ್ನು ಒಂದರ ಪಕ್ಕ ಒಂದು ಗೆರೆಯಾಗಿ, ಬಾಚಣಿಗೆಯಲ್ಲಿ ಎಳೆದ ಹಾಗೆ ಕೊರೆದಿದ್ದಾರೆ. ಆ ಕಾಲದ ಶಿಲ್ಪದಲ್ಲಿ ಇಂಥ ಉಡುಪು ಅಪರೂಪ. ಬೆಳಗ್ಗೆಯೋ ಸಂಜೆಯೋ ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟ.

ಸೂರಿನ ಕೆಳಗೆ ಸಾಲಾಗಿ ಇರೋ ತಲೆಗಳು ಏನು? ಸುಮ್ನೆ ಅಲಂಕಾರನಾ?

ಅವು ಕಾರ್ಬೆಲ್‌ಗಳು, ಅಂದರೆ ಆನಿಕೆಗಲ್ಲುಗಳು. ಕಲ್ಲಿನ ಅರ್ಧ ಭಾಗ ಗೋಡೆಯೊಳಗೆ ಹುದುಗಿರುತ್ತದೆ. ಹೊರಗೆ ಚಾಚಿದ ಭಾಗ ಸೂರಿನ ಅಂಚನ್ನು ಹೊರುತ್ತದೆ. ಒಳಗಿನ ಬಾಲದ ಮೇಲೆ ಗೋಡೆಯ ಭಾರ ಕೂತಿರುವುದರಿಂದ ಕಲ್ಲು ಮುಗ್ಗರಿಸುವುದಿಲ್ಲ. ಕೆಲಸಕ್ಕೆ ಬರೀ ಚಪ್ಪಟೆ ಕಲ್ಲು ಸಾಕಿತ್ತು. ಇಲ್ಲಿ ಒಂದೊಂದನ್ನೂ ಬೇರೆ ಬೇರೆ ರೂಪಕ್ಕೆ ಕೆತ್ತಿದ್ದಾರೆ. ಮೊದಲು 91 ಇದ್ದವು. ಈಗ 85 ಉಳಿದಿವೆ.

ಸಾಲು ಕಟ್ಟಡದ ಸುತ್ತ ಹೋಗುತ್ತದೆ, ಹಾಗಾಗಿ ನೋಡುವುದಕ್ಕೆ ಪ್ರದಕ್ಷಿಣೆಯೇ ಸರಿಯಾದ ಕ್ರಮ. ಟಗರಿನ ತಲೆ, ವಾದ್ಯ ನುಡಿಸುವವನು, ಶಿಲುಬೆ ಹೊತ್ತ ಕುರಿಮರಿ, ಹೆಣೆದುಕೊಂಡ ಗಂಟುಗಳು ಒಂದಾದ ಮೇಲೊಂದು ಬರುತ್ತವೆ. ಎಲ್ಲರ ಮನಸ್ಸು ಗೆಲ್ಲುವುದು ನಾಯಿ ಮತ್ತು ಮೊಲದ ಜೋಡಿ. ನಾಯಿಗೆ ಜೋಲು ಕಿವಿ, ಉರುಟು ಕಣ್ಣು. ಪಕ್ಕದಲ್ಲಿ ಮೊಲ ಒತ್ತಿಕೊಂಡು ಕೂತಿದೆ. ಬೇಟೆ, ಭಯ ಎರಡೂ ಇಲ್ಲ. ಒಂದೇ ಕಿಟಕಿಯಿಂದ ಇಬ್ಬರು ಗೆಳೆಯರು ಇಣುಕಿದ ಹಾಗಿದೆ. ಈಗಿನ ಮಕ್ಕಳ ಕಾರ್ಟೂನಿಗೆ ಬರೆದದ್ದು ಅಂದರೂ ನಂಬಬಹುದು. ನನ್ನ ಮಗಳಿಗೆ ನಾಲ್ಕು ವರ್ಷವಿದ್ದಾಗ ಅದರ ಕೆಳಗಿಂದ ಕದಲಲಿಲ್ಲ.

ದೂರದಲ್ಲಿರುವುದರಿಂದ ಸಣ್ಣ ಬೈನಾಕ್ಯುಲರ್ ಇದ್ದರೆ ಒಳ್ಳೆಯದು.

ಆ ಕಾಲಗಲಿಸಿ ಕೂತ ಹೆಂಗಸಿನ ಶಿಲ್ಪ ಚರ್ಚ್ ಮೇಲೆ ಹೇಗೆ ಬಂತು? ಅದು ನಮ್ಮ ಲಜ್ಜಾಗೌರಿನಾ?

ಜನ ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ತಗ್ಗಿಸಬೇಕಾಗಿಲ್ಲ. ಇಂಥ ಶಿಲ್ಪಗಳಿಗೆ ಶೀಲಾ-ನಾ-ಗಿಗ್ ಅಂತ ಹೆಸರು. ಹೆಸರು ಐರ್ಲೆಂಡಿನದು. ಶಿಲ್ಪಗಳು ಐರ್ಲೆಂಡ್, ಇಂಗ್ಲೆಂಡ್ ಎರಡೂ ಕಡೆ ಇವೆ. ಕಿಲ್ಪೆಕ್‌ನದು ಎಲ್ಲಕ್ಕಿಂತ ಪ್ರಸಿದ್ಧ. ಬೋಳುತಲೆ, ದೊಡ್ಡ ಕಣ್ಣು, ಎರಡೂ ಕೈಯಲ್ಲಿ ಯೋನಿಯನ್ನು ತೆರೆದು ತೋರಿಸುತ್ತಿದ್ದಾಳೆ.

ಯಾಕೆ ಅನ್ನುವುದಕ್ಕೆ ಮೂರು ವಾದಗಳು. ಕಾಮದ ವಿರುದ್ಧ ಎಚ್ಚರಿಕೆ ಅಂತ ಕೆಲವರು. ಕೆಟ್ಟ ದೃಷ್ಟಿ ತಡೆಯಲು ಅಂತ ಇನ್ನು ಕೆಲವರು. ಹೆರಿಗೆ, ಫಲವಂತಿಕೆಯ ಹಳೆಯ ನಂಬಿಕೆಯ ಗುರುತು ಅಂತ ಮತ್ತೆ ಕೆಲವರು. 1842ರಲ್ಲಿ ಈ ಚರ್ಚಿನ ಚಿತ್ರಗಳನ್ನು ಪ್ರಕಟಿಸಿದ ಜಾರ್ಜ್ ರಾಬರ್ಟ್ ಲೂಯಿಸ್‌ಗೆ ಇದು ಹೆಂಗಸು ಅಂತ ಒಪ್ಪಲೇ ಆಗಲಿಲ್ಲ. ಎದೆ ಸೀಳಿ ಹೃದಯದ ದಾರಿ ತೋರಿಸುವ ಮೂಢ ಅಂತ ವಿವರಿಸಿಬಿಟ್ಟರು.

ಲಜ್ಜಾಗೌರಿಗೂ ಇದಕ್ಕೂ ಸಂಬಂಧ ಇಲ್ಲ. ಬಾದಾಮಿಯ ಮ್ಯೂಸಿಯಂನಲ್ಲಿರುವ ಲಜ್ಜಾಗೌರಿಯನ್ನು ನೆನಪಿಸಿಕೊಳ್ಳಿ. ತಲೆಯ ಜಾಗದಲ್ಲಿ ಕಮಲ, ತುಂಬಿದ ಮೈ, ಒಡವೆ. ಅವಳು ಪೂಜೆಗೊಂಡ ದೇವಿ. ಕಿಲ್ಪೆಕ್‌ನವಳು ಸೂರಿನಡಿಯ 85 ಕಲ್ಲುಗಳಲ್ಲಿ ಒಬ್ಬಳು, ಅವಳಿಗೆ ಮುಖವೇ ಮುಖ್ಯ. ನೇರವಾಗಿ ನಮ್ಮನ್ನೇ ನೋಡುತ್ತಾಳೆ.

ಇವಕ್ಕೆಲ್ಲ ಒಂದು ಅರ್ಥ ಇರಲೇಬೇಕಲ್ವಾ?

ಕೆಲವಕ್ಕೆ ಇದೆ. ಶಿಲುಬೆ ಹೊತ್ತ ಕುರಿಮರಿ ಕ್ರಿಸ್ತ. ಕೈಯಲ್ಲಿ ಬೀಗದ ಕೈ ಹಿಡಿದವನು ಕ್ರಿಸ್ತನ ಶಿಷ್ಯ ಪೀಟರ್. ಪೊರೆ ಬಿಡುವ ಹಾವು ಮರುಹುಟ್ಟಿನ ಗುರುತಿರಬಹುದು ಅನ್ನುತ್ತಾರೆ. ಆದರೆ ನಾಯಿ ಮೊಲಕ್ಕೆ, ಯೋಧರ ಪಾಯಿಜಾಮಕ್ಕೆ ಒಂದೊಂದು ಧರ್ಮಸೂತ್ರ ಹುಡುಕುವವರನ್ನು ಕಂಡರೆ ನನಗೆ ಬೇಸರ. ಶಿಲ್ಪಿಗಳು ಒಂದು ಮಾತನ್ನೂ ಬರೆದಿಟ್ಟಿಲ್ಲ. ಕಲ್ಲು ಕಡಿಯುವವನಿಗೆ ತಾನು ಕಂಡ ನಾಯಿಯನ್ನು ಕಡಿಯುವ ಸಂತೋಷ ಇರಬಾರದಾ? ಅರ್ಥ ಹೇಳುವ ಹಲಗೆಗಿಂತ ಮೊದಲು ಕಲ್ಲನ್ನೇ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಶಿಲ್ಪಿಗಳು ಏನೂ ಬರೆದಿಟ್ಟಿಲ್ಲ ಅಂತೀರಿ, ಮತ್ತೆ 1140 ಅಂತ ಹೇಗೆ ಹೇಳ್ತಾರೆ?

ಬೇಲೂರಿಗೆ ಹೋದರೆ 1117 ಅಂತ ಶಾಸನವೇ ಹೇಳುತ್ತದೆ, ವಿಷ್ಣುವರ್ಧನನ ಹೆಸರೂ ಸಿಗುತ್ತದೆ. ಕಿಲ್ಪೆಕ್‌ನ ಗೋಡೆಯಲ್ಲಿ ಅಂಥದ್ದು ಒಂದೂ ಇಲ್ಲ. ಹಾಗಾಗಿ ಸುತ್ತು ದಾರಿ. 1134ರಲ್ಲಿ ಹ್ಯೂ ಈ ಚರ್ಚನ್ನು ಗ್ಲಾಸ್ಟರ್‌ನ ಸೇಂಟ್ ಪೀಟರ್ ಮಠಕ್ಕೆ ದಾನ ಕೊಟ್ಟ ದಾಖಲೆ ಇದೆ. ದಾನ ಕೊಟ್ಟದ್ದು ಹಳೆಯ ಕಟ್ಟಡವೋ ಹೊಸದೋ ಅನ್ನುವುದು ಅದರಿಂದ ತಿಳಿಯುವುದಿಲ್ಲ. ಆಗ ಶೈಲಿಯನ್ನು ನೋಡುತ್ತಾರೆ. ಇದೇ ಕೈಗಳು ಕೆಲಸ ಮಾಡಿದ ಶಾಬ್ಡನ್ ಎಂಬ ಚರ್ಚ್ ಯಾರ ಕಾಲದ್ದು ಅಂತ ಒಂದು ಮಠದ ವೃತ್ತಾಂತದಿಂದ ಗೊತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ 1140ರ ಆಸುಪಾಸು ಅಂತ ಬರುತ್ತದೆ.

ಶಿಲ್ಪಿಗಳು ಯಾರು? ಫ್ರಾನ್ಸಿನಿಂದ ಬಂದವರಾ?

ಹೆಸರು ಒಂದೂ ಉಳಿದಿಲ್ಲ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜನಂಥವರು ವಿಗ್ರಹದ ಅಡಿಯಲ್ಲಿ ಹೆಸರು ಕೊರೆದಿಟ್ಟಿದ್ದಾರೆ. ಅದಾಗಿ ಇಪ್ಪತ್ತು ಇಪ್ಪತ್ತೈದು ವರ್ಷದೊಳಗೆ ಇಲ್ಲಿ ಇಷ್ಟು ಚೆನ್ನಾಗಿ ಕೆತ್ತಿದವರು ಹೆಸರಿಲ್ಲದೆ ಹೋದರಲ್ಲ ಅಂತ ನನಗೆ ಪ್ರತಿ ಸಲವೂ ಸಂಕಟ. ಈಗ ಇವರನ್ನು ಹೆರೆಫರ್ಡ್‌ಶೈರ್ ಸ್ಕೂಲ್ ಅಂತ ಒಟ್ಟಾಗಿ ಕರೆಯುತ್ತಾರೆ. ಸ್ಕೂಲ್ ಅಂದರೆ ಪಾಠಶಾಲೆ ಅಲ್ಲ, ಒಂದೇ ಪಳಗಿದ ಕೈಯ ಶಿಲ್ಪಿಗಳ ಗುಂಪು.

ಹೊರಗಿನ ಪ್ರಭಾವಕ್ಕೆ ಒಂದು ಗಟ್ಟಿ ಎಳೆ ಇದೆ. ಹ್ಯೂ ಮಾರ್ಟಿಮರ್ (ಕಿಲ್ಪೆಕ್‌ನ ಹ್ಯೂ ಅಲ್ಲ, ಇವನು ಬೇರೆ) ಎಂಬ ದೊಡ್ಡ ಒಡೆಯನ ಪಾರುಪತ್ಯಗಾರ ಆಲಿವರ್ ಡಿ ಮೆರ್ಲಿಮಂಡ್. ಅವನು ಸ್ಪೇನಿನ ಸ್ಯಾಂಟಿಯಾಗೋ ಡಿ ಕಾಂಪೊಸ್ಟೆಲಾಗೆ ಯಾತ್ರೆ ಹೋಗಿದ್ದ. ಶಾಬ್ಡನ್ ಚರ್ಚ್ ಕಟ್ಟಿಸಿದವನು ಅವನೇ. ದಾರಿಯಲ್ಲಿ ಪಶ್ಚಿಮ ಫ್ರಾನ್ಸಿನ ಕೆತ್ತನೆ ತುಂಬಿದ ಚರ್ಚುಗಳನ್ನು ನೋಡದೆ ಬರುವುದು ಸಾಧ್ಯವಿರಲಿಲ್ಲ. ಕಿಲ್ಪೆಕ್‌ನ ಒಳಗೆ ಚಾನ್ಸೆಲ್ ಕಮಾನಿನ ಕಂಬಗಳಲ್ಲಿ ಒಬ್ಬರ ತಲೆಯ ಮೇಲೆ ಒಬ್ಬರಂತೆ ಮೂರು ಮೂರು ಜನ ನಿಂತಿದ್ದಾರೆ. ಇಂಗ್ಲೆಂಡಿನಲ್ಲಿ ಇದು ತೀರಾ ಅಪರೂಪ. ಸ್ಯಾಂಟಿಯಾಗೋದ ದಕ್ಷಿಣ ಬಾಗಿಲ ಕಂಬಗಳಲ್ಲಿ ಇದೇ ಜೋಡಣೆ ಇದೆ. ಆದರೂ ಎಲ್ಲರೂ ಹೊರಗಿನವರು ಅಂತ ನನಗನಿಸುವುದಿಲ್ಲ. ಯೋಚನೆ ದೂರದಿಂದ ಬಂದಿರಬಹುದು. ಕೈ ಇಲ್ಲಿಯದೇ.

ನಾರ್ವೆ, ಡೆನ್ಮಾರ್ಕ್ ಕಡೆಯ ಕಡಲಯಾನಿ ವೈಕಿಂಗರ ಕುರುಹು ಇದೆ ಅಂತ ಕೇಳಿದ್ದೆ, ನಿಜಾನಾ?

ಪಶ್ಚಿಮದ ಗೋಡೆಗೆ ಹೋಗಿ. ಬಾಯಿ ತೆರೆದ ಡ್ರ್ಯಾಗನ್ ತಲೆಗಳು ಗೋಡೆಯಿಂದ ಹೊರಕ್ಕೆ ಚಾಚಿವೆ, ನಾಲಗೆ ಸುರುಳಿ ಸುತ್ತಿದೆ. ನಾರ್ವೆಯ ಮರದ ಚರ್ಚುಗಳ ಚಾವಣಿಯಲ್ಲೂ ಡ್ರ್ಯಾಗನ್ ತಲೆಗಳು ಹೀಗೇ ಹೊರಚಾಚುತ್ತವೆ. ತೆಳ್ಳಗಿನ ಪ್ರಾಣಿಗಳನ್ನು ಹಗ್ಗದಂತೆ ಹೆಣೆಯುವ ರೂಢಿಯೂ ಉತ್ತರದ್ದೇ. ಹಾಗಂತ ಇಲ್ಲಿ ವೈಕಿಂಗರು ಬಂದು ಕೆತ್ತಿದರು ಅಂತಲ್ಲ. ಆ ರೂಪಗಳು ಅಷ್ಟು ಹೊತ್ತಿಗೆ ಈ ದ್ವೀಪಗಳ ಕೈಕಸುಬಿನಲ್ಲಿ ಬೆರೆತುಹೋಗಿದ್ದವು.

17ನೇ ಶತಮಾನದಲ್ಲಿ ಪ್ಯೂರಿಟನ್ನರು, ಅಂದರೆ ಚರ್ಚಿನಲ್ಲಿ ವಿಗ್ರಹ ಕೂಡದು ಅನ್ನುವ ಕ್ರೈಸ್ತರು, ಎಷ್ಟೋ ವಿಗ್ರಹ ಒಡೆದರು. ಇದನ್ನು ಯಾಕೆ ಬಿಟ್ಟರು?

ಒಪ್ಪಿತವಾದ ಉತ್ತರ ಇಲ್ಲ. ಊರಿನ ಬಡತನ ಮಾತ್ರ ಕೆತ್ತನೆಗೆ ಒಳ್ಳೆಯದನ್ನೇ ಮಾಡಿತು. 12ನೇ ಶತಮಾನದಲ್ಲಿ ಇದು ಗಡಿ ಕಾಯುವ ಮುಖ್ಯ ಜಾಗ, ಕೋಟೆಯ ಪಕ್ಕ ಊರು ಬೆಳೆದಿತ್ತು. 14ನೇ ಶತಮಾನದ ನಂತರ ಸೀಮೆ ಸೊರಗಿತು. ದುಡ್ಡಿದ್ದ ಊರುಗಳು ಹಳೆಯದನ್ನು ಕೆಡವಿ ಹೊಸ ಗಾಥಿಕ್ ಕಿಟಕಿ, ಗೋಪುರ ಕಟ್ಟಿಕೊಂಡವು. ಕಿಲ್ಪೆಕ್‌ಗೆ ಆ ಶಕ್ತಿ ಇರಲಿಲ್ಲ. ಹಳೆಯ ಊರಿನ ಮನೆಗಳ ಗುರುತು ಪಕ್ಕದ ಹುಲ್ಲುಗಾವಲಿನಲ್ಲಿ ಬರೀ ಏರುತಗ್ಗಾಗಿ ಕಾಣುತ್ತದೆ. 1864, 1898, 1962ರಲ್ಲಿ ದೊಡ್ಡ ರಿಪೇರಿಗಳಾದವು. ಆಗಲೂ ಕೆತ್ತನೆಗಳನ್ನು ಜೋಪಾನ ಮಾಡಿದರು.

ಇದೇ ಶಿಲ್ಪಿಗಳ ಕೆಲಸ ಬೇರೆ ಎಲ್ಲಿ ನೋಡಬಹುದು?

ಒಂದು ದಿನ ಕಾರಿದ್ದರೆ ನಾಲ್ಕೈದು ಹಳ್ಳಿ ಸುತ್ತಬಹುದು. ರೋಲ್‌ಸ್ಟನ್ ಕಿಲ್ಪೆಕ್‌ಗೆ ಹತ್ತಿರ. ಅಲ್ಲಿ ಚಾನ್ಸೆಲ್ ಕಮಾನಿನ ಪಕ್ಕದ ಆಕೃತಿಗಳು ತಲೆಕೆಳಗಾಗಿವೆ. ಆ ಚರ್ಚ್ ಪೀಟರನ ಹೆಸರಿನದು, ಅವನನ್ನು ತಲೆಕೆಳಗಾಗಿ ಶಿಲುಬೆಗೇರಿಸಿದರು ಅನ್ನುವ ನಂಬಿಕೆಯೇ ಕಾರಣ ಇರಬೇಕು ಅನ್ನುತ್ತಾರೆ. ಅರ್ಡಿಸ್ಲಿಯಲ್ಲಿ ಜ್ಞಾನಸ್ನಾನದ ಕಲ್ಲಿನ ತೊಟ್ಟಿಯ ಸುತ್ತ ಇಬ್ಬರು ಯೋಧರು ಹೊಡೆದಾಡುತ್ತಿದ್ದಾರೆ. ಕಿಲ್ಪೆಕ್‌ನ ಯೋಧರ ಬಟ್ಟೆ ನೋಡಿ ಬಂದವರಿಗೆ ಆ ಗೆರೆಗಳ ಗುರುತು ತಕ್ಷಣ ಸಿಗುತ್ತದೆ. ಬ್ರಿನ್ಸಪ್‌ನಲ್ಲಿ ಕುದುರೆ ಮೇಲೆ ಕೂತ ಸೇಂಟ್ ಜಾರ್ಜ್ ಇದ್ದಾನೆ. ಕ್ಯಾಸಲ್ ಫ್ರೂಮ್‌ನ ತೊಟ್ಟಿಯನ್ನು ಕುಕ್ಕರಗಾಲಲ್ಲಿ ಬಗ್ಗಿದ ಮನುಷ್ಯರು ಹೊತ್ತಿದ್ದಾರೆ.

ಕೊನೆಗೆ ಶಾಬ್ಡನ್. ಎಲ್ಲಕ್ಕೂ ಮೂಲವಾದ ಆ ಚರ್ಚನ್ನು 1750ರ ಸುಮಾರಿಗೆ ಕೆಡವಿ ಹೊಸದು ಕಟ್ಟಿದರು. ಕೆತ್ತನೆಯ ಕಮಾನುಗಳನ್ನು ಮಾತ್ರ ತೆಗೆದು, ನೋಟಕ್ಕೆ ಚೆಂದ ಅಂತ ಹತ್ತಿರದ ಗುಡ್ಡದ ಮೇಲೆ ಬಯಲಲ್ಲಿ ನಿಲ್ಲಿಸಿದರು. ಈಗಲೂ ಅಲ್ಲೇ ಇವೆ. ಮೇಲೆ ಸೂರಿಲ್ಲ. ಹತ್ತಿರ ಹೋದರೆ ಇಲ್ಲೊಂದು ಸುರುಳಿ, ಅಲ್ಲೊಂದು ಭುಜ ಅಂತ ಹುಡುಕಿ ನೋಡಬೇಕು. ಮುಖಗಳೆಲ್ಲ ಬೆಲ್ಲದ ಅಚ್ಚು ನೀರಲ್ಲಿ ನೆಂದ ಹಾಗೆ ಕರಗಿವೆ.